ಅಬ್ಬೆತುಮಕೂರಿನೊಳಗಿನ ತುಮಕೂರು

ನಮ್ಮೂರ ಹೆಸರಿನ ಹೊಟ್ಟೆಯೊಳಗೆ ಒಂದು ಜಿಲ್ಲಾ ಕೇಂದ್ರ ಕೂತಿದೆ. ಅಬ್ಬೆತುಮಕೂರು ಎಂದು ಎಷ್ಟೇ ಬಿಡಿಸಿ ಹೇಳಿದರೂ ಬೆಂಗಳೂರಿನ ಕಿವಿಗೆ ಬೀಳುವುದು ಕೊನೆಯ ನಾಲ್ಕು ಅಕ್ಷರ ಮಾತ್ರ. ‘ಓ, ತುಮಕೂರಾ? ಸಿದ್ಧಗಂಗಾ ಮಠದ ಹತ್ತಿರಾನಾ?’ ಎನ್ನುತ್ತಾರೆ. ಹತ್ತಿರವಲ್ಲ ಸ್ವಾಮಿ, ಒಂದು ರಾತ್ರಿ ರೈಲಿನ ದೂರ, ನಮ್ಮದು ಯಾದಗಿರಿ ಎಂದರೆ ‘ಹಾಗಾದರೆ ಮಠ ಇಲ್ಲವಾ?’ ಎಂಬ ಪ್ರಶ್ನೆ. ಮಠ ಇದೆ. ವಿಶ್ವಾರಾಧ್ಯರ ಸಿದ್ಧಸಂಸ್ಥಾನ ಮಠ, ಜಾತ್ರೆಗೆ ಬಂದರೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಗೆ ಕೇಳಿದವರ ಗೊಂದಲ ಸಂಪೂರ್ಣವಾಗುತ್ತದೆ. ತುಮಕೂರು ಹೌದು, ಮಠವೂ ಹೌದು, ಆದರೆ ತುಮಕೂರಲ್ಲ!

ಮನುಷ್ಯರ ಈ ಪೀಕಲಾಟ ನನಗೆ ರೂಢಿಯಾಗಿದೆ. ಕಂಪ್ಯೂಟರಿಗೂ ಅದೇ ಪೀಕಲಾಟವಿದೆ, ಆದರೆ ತಲೆಕೆಳಗಾಗಿ ಇದೆ ಎಂದು ಗೊತ್ತಾದದ್ದು ತಂಗಿಯ ಮಗನಿಂದ. ಕೊರೊನಾ ಕಾಲದಲ್ಲಿ ಕಂಪನಿಯವರು ‘ಮನೆಯಿಂದಲೇ ಕೆಲಸ ಮಾಡಿ’ ಎಂದದ್ದೇ ತಡ, ಅವನು ಗಂಟುಮೂಟೆ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬಂದು ಕೂತ. ನೆಟ್‌ವರ್ಕ್ ಸಿಗುವ ಮೂಲೆಯೂ ನನ್ನ ಆರಾಮಕುರ್ಚಿಯ ಮೂಲೆಯೂ ಒಂದೇ. ಕನ್ನಡ ವ್ಯಾಕರಣ ಪಾಠ ಹೇಳಿ ನಿವೃತ್ತನಾದವನ ಪಕ್ಕದಲ್ಲಿ ಒಬ್ಬ ಹಗಲಿಡೀ ಯಾವುದೋ ಭಾಷೆ ಬರೆಯುತ್ತ ಕೂತರೆ ಸುಮ್ಮನಿರಲು ಬರುತ್ತದೆಯೇ? ‘ಕರ್ತೃ ಎಲ್ಲದನೋ? ಕ್ರಿಯಾಪದ ಯಾವುದು?’ ಎಂದು ಶುರು ಮಾಡಿದೆ. ಭಾಷೆಯ ಹೆಸರು ಪಿಎಚ್‌ಪಿ ಎಂದ. ‘ಜಾಲತಾಣ ಕಟ್ಟೋ ಭಾಷಾ ಮಾಮಾ. ಭಾಳ ಬೆರಿಕಿ ಅದ.’

ಯಾವ ಪಾಣಿನಿಯೂ ಕೂತು ಸೂತ್ರ ಹೊಸೆದ ಭಾಷೆ ಇದಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಎಂಬಾತ ತನ್ನ ಓದು, ನೌಕರಿಯ ವಿವರದ ಪುಟವೊಂದನ್ನು ಅಂತರ್ಜಾಲದಲ್ಲಿ ಇಟ್ಟಿದ್ದ. ಅದನ್ನು ಯಾರ್‍ಯಾರು ಇಣುಕಿ ಹೋದರು ಎಂದು ತಿಳಿಯುವ ಚಪಲಕ್ಕೆ 1994ರಲ್ಲಿ ಸಿ ಭಾಷೆಯಲ್ಲಿ ಒಂದಷ್ಟು ಸಲಕರಣೆ ಬರೆದುಕೊಂಡ. ಮರುವರ್ಷ ಜೂನ್‌ನಲ್ಲಿ ಅದಕ್ಕೆ ‘ಪರ್ಸನಲ್ ಹೋಮ್ ಪೇಜ್ ಟೂಲ್ಸ್’ ಎಂದು ಹೆಸರಿಟ್ಟು ಬೇಕಾದವರಿಗೆಲ್ಲ ಬಿಟ್ಟಿ ಹಂಚಿದ. ಹೊಸ ಭಾಷೆ ಹುಟ್ಟಿಸುವ ಇರಾದೆ ಅವನಿಗೆ ಇರಲೇ ಇಲ್ಲ. ಜನ ‘ಇದೊಂದು ಇದ್ದರೆ ಚೆನ್ನ’ ಎಂದರು, ಸೇರಿಸಿದ. ‘ಅದೊಂದು’ ಎಂದರು, ಅದನ್ನೂ ಸೇರಿಸಿದ. ಇಸ್ರೇಲಿನ ತೆಕ್ನಿಯನ್ ವಿದ್ಯಾಸಂಸ್ಥೆಯಲ್ಲಿ ಓದುತ್ತಿದ್ದ ಜೀವ್ ಸುರಾಸ್ಕಿ, ಆಂಡಿ ಗುಟ್‌ಮನ್ಸ್ ಎಂಬಿಬ್ಬರು ಒಳಗಿನ ಯಂತ್ರವನ್ನೇ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ, 1998ರಲ್ಲಿ ಅದಕ್ಕೊಂದು ಭಾಷೆಯ ಮೈಕಟ್ಟು ಬಂತು. ಮನೆ ಮುಂದೆ ಯಾರು ಹಾಯ್ದುಹೋದರು ಎಂಬ ಕುತೂಹಲದಿಂದ ಇಷ್ಟೆಲ್ಲ ಆಯಿತು ಎಂಬುದು ನನಗೆ ಬಹಳ ಹಿಡಿಸಿತು. ನಮ್ಮೂರ ಕಟ್ಟೆಯ ಮೇಲೆ ಅದೇ ಕುತೂಹಲದಿಂದ ಬೆಳಗಿನಿಂದ ಬೈಗಿನವರೆಗೆ ಕೂಡುವವರಿದ್ದಾರೆ. ಅವರಿಂದ ಈತನಕ ಏನೂ ಹುಟ್ಟಿಲ್ಲ.

ಪಂಡಿತರಿಗೆ ಈ ಭಾಷೆ ಕಂಡರೆ ನಗು. ಒಂದು ನಿಯಮವಿಲ್ಲ, ಶಿಸ್ತಿಲ್ಲ ಎನ್ನುತ್ತಾರೆ. ಅದರಲ್ಲೇ ಅನ್ನ ಹುಟ್ಟಿಸಿಕೊಳ್ಳುವವರೂ ಬೈಯುತ್ತಲೇ ಬರೆಯುತ್ತಾರೆ. ಆದರೆ ಸರ್ವರಿನಲ್ಲಿ ಯಾವ ಭಾಷೆ ಓಡುತ್ತಿದೆ ಎಂದು ಹೊರಗಿನಿಂದ ಪತ್ತೆಹಚ್ಚಬಹುದಾದ ತಾಣಗಳಲ್ಲಿ ನಾಲ್ಕಕ್ಕೆ ಮೂರರ ಆಸುಪಾಸು ಪಿಎಚ್‌ಪಿಯವೇ ಎಂದು ಸಮೀಕ್ಷೆಗಳು ಹೇಳುತ್ತವೆ. ವರ್ಡ್‌ಪ್ರೆಸ್ ಇದರಲ್ಲಿದೆ. ಫೇಸ್‌ಬುಕ್ ಹುಟ್ಟಿದ್ದು ಇದರಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುವುದೂ ಇದರಲ್ಲೇ. ಇದನ್ನು ಕೇಳಿದ ಕ್ಷಣ ಆ ಭಾಷೆ ನನಗೆ ನೆಂಟನಂತೆ ಕಂಡಿತು. ನಾವು ಯಾದಗಿರಿ ಕಡೆಯವರು ಬಾಯಿ ತೆರೆದರೆ ಮೈಸೂರಿನವರು ನಗುತ್ತಾರೆ. ಧಾರವಾಡದವರೂ ನಗುತ್ತಾರೆ, ಅವರಾದರೂ ನಗಬಾರದಿತ್ತು. ನಿಜಾಮರ ಕಾಲದಲ್ಲಿ ಕಾಗದಪತ್ರವೆಲ್ಲ ಉರ್ದುವಿನಲ್ಲಿದ್ದು, 1948ರವರೆಗೆ ಅತ್ತ, 1956ರ ನಂತರ ಇತ್ತ ಎಂದು ಬದುಕಿದ ಸೀಮೆ ನಮ್ಮದು. ದವಾಖಾನಿ, ಬಾಜು, ಖಾಲಿಪೀಲಿ ಎಲ್ಲವೂ ನಮ್ಮ ಕನ್ನಡವೇ. ಗುರುಮಠಕಲ್ಲಿನ ಕಡೆ ಹೋದರೆ ತೆಲುಗೂ ನಮ್ಮದೇ. ಬೇಕಾದಾಗ ಬೇಕಾದ್ದನ್ನು ಸೇರಿಸಿಕೊಂಡ ಮಾತು. ಸಂತೆ ನಡೆಯುತ್ತದೆ, ಲಗ್ನ ನಡೆಯುತ್ತದೆ, ಜಗಳವಂತೂ ಭಾಳ ಚಂದ ನಡೆಯುತ್ತದೆ.

ನೆಂಟಸ್ತಿಕೆ ಖಾತ್ರಿಯಾದದ್ದು ಸೆಮಿಕೋಲನ್ ನೋಡಿದ ಮೇಲೆ. ಪಿಎಚ್‌ಪಿಯಲ್ಲಿ ಪ್ರತಿ ವಾಕ್ಯದ ಕೊನೆಗೂ ಅದು ಇರಬೇಕು. ಅರ್ಥಕ್ಕೆ ಅದು ಏನನ್ನೂ ಕೂಡಿಸುವುದಿಲ್ಲ, ಬಿಟ್ಟರೆ ಮಾತ್ರ ಅನಾಹುತ. ಇದು ನಮ್ಮ ‘ರೀ’ಯೇ! ‘ಹೌದ್ರೀ’, ‘ಬಂದೀನ್ರೀ’, ‘ಉಂಡೀವ್ರೀ’. ಬಿಟ್ಟವನ ಕಥೆ ಮುಗಿಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಸೆಮಿಕೋಲನ್ ಬಿಟ್ಟುಹೋದದ್ದು ನಾಲ್ಕನೇ ಸಾಲಿನಲ್ಲಿ, ಯಂತ್ರ ಬೈಯುವುದು ಐದನೇ ಸಾಲನ್ನು. ಐದನೇ ಸಾಲು ಏನೂ ಅರಿಯದ ಪಾಪದ ಪ್ರಾಣಿ. ವಾಕ್ಯ ಇನ್ನೂ ಮುಗಿದಿಲ್ಲ ಎಂದುಕೊಂಡು ಮುಂದೆ ಓದಿದ ಯಂತ್ರಕ್ಕೆ ಎಡವಟ್ಟು ಕಾಣುವುದು ಅಲ್ಲಿಯೇ. ಬೀಗರ ಮುಂದೆ ಹುಡುಗ ರೀ ನುಂಗಿದರೆ ಬೈಗುಳ ಬೀಳುವುದು ಹಿಂದೆ ನಿಂತ ಅವನ ತಾಯಿಗಲ್ಲವೇ?

ತಂಗಿಯ ಮಗ ಬಿಡುವಿನಲ್ಲಿ ನನಗಾಗಿ ಒಂದು ಪುಟ ಕಟ್ಟತೊಡಗಿದ. ಯಾದಗಿರಿ, ಶಹಾಪುರ, ಸುರಪುರ ಈ ಹಳೆಯ ಮೂರು ತಾಲ್ಲೂಕುಗಳ ಊರುಗಳ ಪಟ್ಟಿ. ಊರಿನ ಹೆಸರು ಒತ್ತಿದರೆ ಅಲ್ಲಿಯ ವಿಶೇಷ ತೋರಬೇಕು. ಪಿಎಚ್‌ಪಿಯಲ್ಲಿ ಯಾವ ಚರಾಕ್ಷರ ಬರೆದರೂ ಮುಂದೆ $ ಚಿಹ್ನೆ ಹಾಕಬೇಕು. ಡಾಲರಿಲ್ಲದೆ ಅಲ್ಲಿ ಯಾರಿಗೂ ಹೆಸರೇ ಇಲ್ಲ. ಅಮೆರಿಕಕ್ಕೆ ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ಇದು ಹೊಸದಲ್ಲ. ನನಗೆ ಅಚ್ಚರಿಯಾದದ್ದು, ಆ ಡಾಲರಿನ ಪಕ್ಕದಲ್ಲಿ ಕನ್ನಡದಲ್ಲೇ $ಊರು ಎಂದು ಬರೆದರೂ ನಡೆಯುತ್ತದೆ ಎಂಬುದು. ಕನ್ನಡದ ಮೇಲಿನ ಪ್ರೀತಿಯಿಂದ ಅಲ್ಲ. ಇಂಗ್ಲಿಷಿನ ಪಟ್ಟಿಯಿಂದ ಆಚೆಗೆ ಕಂಡ ಬೈಟ್‌ಗಳನ್ನೆಲ್ಲ ‘ಇದೂ ಯಾವುದೋ ಅಕ್ಷರವಿರಬೇಕು’ ಎಂದು ಅದು ಒಳಗೆ ಬಿಟ್ಟುಬಿಡುತ್ತದೆ. ನಮ್ಮ ರೈಲ್ವೆ ನಿಲ್ದಾಣದ ಗೇಟಿನಲ್ಲಿ ಟಿಕೆಟಿನ ಭಾಷೆ ಓದಲು ಬಾರದ ಕಾವಲುಗಾರನಿದ್ದರೆ ಆತ ಮಾಡುವುದೂ ಅದನ್ನೇ.

ಒಳಗೆ ಬಿಟ್ಟಿತು, ಸರಿ. ಎಣಿಸಲು ಮಾತ್ರ ಬಾರದು. ಪದವೊಂದರ ಉದ್ದ ಹೇಳುವ ಸ್ಟ್ರ್‌ಲೆನ್ ಎಂಬ ಕಾರ್ಯವಿದೆ. ಅಬ್ಬೆತುಮಕೂರು ಎಷ್ಟು ಉದ್ದ ಎಂದು ಕೇಳಿದರೆ 36 ಎಂದಿತು. ಒಂದನೇ ತರಗತಿಯ ಹುಡುಗ ಅ, ಬ್ಬೆ, ತು, ಮ, ಕೂ, ರು ಎಂದು ಬೆರಳು ಮಡಚಿ ಆರು ಎನ್ನುತ್ತಾನೆ. ಯೂನಿಕೋಡ್ ನಮ್ಮ ಸ್ವರಚಿಹ್ನೆ, ಹಲಂತಚಿಹ್ನೆಗಳನ್ನೂ ಬಿಡಿಬಿಡಿಯಾಗಿ ಲೆಕ್ಕ ಹಿಡಿಯುವುದರಿಂದ ಆರು ಅಕ್ಷರ ಹನ್ನೆರಡು ಗುರುತುಗಳಾಗುತ್ತವೆ. ಒಂದೊಂದು ಗುರುತಿಗೂ ಯುಟಿಎಫ್-8ರಲ್ಲಿ ಮೂರು ಬೈಟ್. ಸ್ಟ್ರ್‌ಲೆನ್ ಎಣಿಸುವುದು ಬೈಟ್‌ಗಳನ್ನು. ಹನ್ನೆರಡು ಬೇಕಾದರೆ ಎಂಬಿ ಎಂದು ಮುಂದೆ ಸೇರಿಸಿದ ಬೇರೊಂದು ಕಾರ್ಯ ಕರೆಯಬೇಕು. ‘ಮೊದಲ ಹತ್ತನ್ನು ತೋರಿಸು’ ಎಂದು ಹಳೆಯ ರೀತಿಯಲ್ಲಿ ಕತ್ತರಿಸಿದರೆ ಮೂರು ಗುರುತು ಮತ್ತು ಇನ್ನೊಂದರ ಮೂರನೇ ಒಂದು ಪಾಲು ಉಳಿದು, ಪರದೆಯ ಮೇಲೆ ‘ಅಬ್’ ಎಂಬ ಏದುಸಿರಿನಂಥದೇನೋ, ಕೊನೆಗೆ ಕರಿ ಹರಳಿನೊಳಗೊಂದು ಪ್ರಶ್ನಾರ್ಥಕ ಕಾಣುತ್ತದೆ. ಸುದ್ದಿತಾಣಗಳಲ್ಲಿ ಕನ್ನಡದ ತಲೆಬರಹ ಹಾಗೆ ಕುತ್ತಿಗೆ ಮುರಿದುಕೊಂಡು ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಇದನ್ನು ಬುಡದಿಂದಲೇ ಸರಿಪಡಿಸಲು ಪಿಎಚ್‌ಪಿ 6 ಎಂಬ ಆವೃತ್ತಿಗೆ ಕೈಹಾಕಿದ್ದರು. ಕೆಲಸ ವರ್ಷಾನುಗಟ್ಟಲೆ ಎಳೆದು, 2010ರಲ್ಲಿ, ಅಂದರೆ ಯಾದಗಿರಿ ಜಿಲ್ಲೆಯಾದ ವರ್ಷವೇ, ಕೈಬಿಟ್ಟರು. ಐದರ ನಂತರ ಬಂದದ್ದು ಏಳು. ಆರಕ್ಕೆ ಹುಟ್ಟುವ ಭಾಗ್ಯವೇ ಇರಲಿಲ್ಲ.

ಈಗ ತುಮಕೂರಿನ ಸಂಗತಿ. ಒಂದು ಪದದೊಳಗೆ ಇನ್ನೊಂದು ಪದ ಅಡಗಿದೆಯೇ ಎಂದು ಹುಡುಕಲು ಸ್ಟ್ರ್‌ಪೋಸ್ ಎಂಬ ಕಾರ್ಯವಿದೆ. ಸಿಕ್ಕರೆ ಎಷ್ಟನೇ ಜಾಗದಲ್ಲಿ ಎಂದು ಹೇಳುತ್ತದೆ. ಸಿಗದಿದ್ದರೆ ‘ಸುಳ್ಳು’ ಎನ್ನುತ್ತದೆ. ಅಬ್ಬೆತುಮಕೂರಿನಲ್ಲಿ ತುಮಕೂರು ಇದೆಯೇ? 15 ಎಂದಿತು. ‘ಅಬ್ಬೆ’ಯ ಹದಿನೈದು ಬೈಟ್ ದಾಟಿದ ಮೇಲೆ ಇದೆ, ಲೆಕ್ಕ ಸರಿ. ಹಾಗಾದರೆ ತುಮಕೂರಿನಲ್ಲಿ ತುಮಕೂರು ಇದೆಯೇ? ಸೊನ್ನೆ ಎಂದಿತು. ಯಾಕೆಂದರೆ ಎಣಿಕೆ ಸೊನ್ನೆಯಿಂದ ಶುರು. ಮೊದಲ ಜಾಗವೇ ಸೊನ್ನೆ. ಆದರೆ ‘ಇದ್ದರೆ ತೋರಿಸು’ ಎಂಬ ಷರತ್ತಿನ ಮುಂದೆ ಸೊನ್ನೆ ಬಂದು ನಿಂತರೆ ಪಿಎಚ್‌ಪಿ ಅದನ್ನು ‘ಇಲ್ಲ’ ಎಂದು ಓದಿಕೊಳ್ಳುತ್ತದೆ. ಪರಿಣಾಮ ನೋಡಿ: ತುಮಕೂರು ಎಲ್ಲಿದೆ ಎಂದು ಹುಡುಕಿದವರಿಗೆ ಅಬ್ಬೆತುಮಕೂರು ಸಿಗುತ್ತದೆ, ತುಮಕೂರು ಸಿಗುವುದಿಲ್ಲ! ಜನ್ಮದಲ್ಲಿ ಒಮ್ಮೆ ನಮ್ಮೂರಿಗೆ ಆ ದೊಡ್ಡೂರಿನ ಮುಂದೆ ಮಣೆ ಸಿಕ್ಕಿತು. ಹುಡುಗ ಅದನ್ನು ಸರಿಪಡಿಸಲು ಹೊರಟಾಗ ‘ಇರ್ಲಿ ಬಿಡೋ, ಎರಡು ದಿನ’ ಎಂದು ಬೇಡಿಕೊಂಡೆ. ಕೇಳಲಿಲ್ಲ. ಬರೀ ಬೆಲೆಯನ್ನಲ್ಲ, ಜಾತಿಯನ್ನೂ ಹೋಲಿಸುವ ಮೂರು ಗೆರೆಯ ಸಮಚಿಹ್ನೆ, ===, ಹಾಕಿದ. ಸಂಖ್ಯೆಯ ಸೊನ್ನೆ ಬೇರೆ, ಸುಳ್ಳು ಬೇರೆ ಎಂದು ಆಗ ಅದಕ್ಕೆ ತಿಳಿಯಿತು. 2020ರ ಪಿಎಚ್‌ಪಿ 8ರಲ್ಲಿ ‘ಇದೆಯೋ ಇಲ್ಲವೋ’ ಎಂದಷ್ಟೇ ಹೇಳುವ ನೇರವಾದ ಕಾರ್ಯವೂ ಬಂತಂತೆ.

ಅದೇ ಆವೃತ್ತಿಯಲ್ಲಿ ಇನ್ನೊಂದು ಅನ್ಯಾಯವೂ ನಿಂತಿತು. ಅದಕ್ಕೂ ಮೊದಲು ಎರಡು ಗೆರೆಯ ಸಮಚಿಹ್ನೆ ಹಾಕಿ ‘ಸೊನ್ನೆಯೂ ಯಾದಗಿರಿಯೂ ಸಮವೇ?’ ಎಂದು ಕೇಳಿದರೆ ಪಿಎಚ್‌ಪಿ ಹೌದು ಎನ್ನುತ್ತಿತ್ತು. ಸಂಖ್ಯೆಗೆ ಅಕ್ಷರವನ್ನು ಹೋಲಿಸುವಾಗ ಅದು ಅಕ್ಷರವನ್ನೂ ಸಂಖ್ಯೆ ಮಾಡಿಕೊಳ್ಳುತ್ತಿತ್ತು. ಅಂಕಿಯೇ ಇಲ್ಲದ ಪದ ಸೊನ್ನೆಯಾಗುತ್ತಿತ್ತು. ಹಾಗೆ ನೋಡಿದರೆ ಬೆಂಗಳೂರೂ ಸೊನ್ನೆಯೇ, ಆದರೆ ಅದನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ. ನಮ್ಮ ಸೀಮೆ ಸೊನ್ನೆಯಲ್ಲ ಎಂದು ಸಂವಿಧಾನದಲ್ಲಿ 371ಜೆ ಬರೆಸಿಕೊಳ್ಳಲು ನಮಗೆ 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪಿಎಚ್‌ಪಿ ಇನ್ನೂ ಎಂಟು ವರ್ಷ ತೆಗೆದುಕೊಂಡಿತು.

ಈ ಉದಾರ ಮನಸ್ಸಿನ ಇನ್ನೊಂದು ಮುಖ ನನಗೆ ಪ್ರಿಯ. ‘5 ಚೀಲ ಜೋಳ’ ಮತ್ತು ‘3 ಚೀಲ ತೊಗರಿ’ ಎಂಬ ಎರಡು ಬರಹ ಕೊಟ್ಟು ಕೂಡಿಸು ಎಂದರೆ, ಶಿಸ್ತಿನ ಭಾಷೆಗಳು ‘ಇವು ಸಂಖ್ಯೆಗಳೇ ಅಲ್ಲ’ ಎಂದು ಕೈಯೆತ್ತಿಬಿಡುತ್ತವೆ. ಪಿಎಚ್‌ಪಿ ಗೊಣಗುತ್ತದೆ, ಆದರೆ 8 ಎನ್ನುತ್ತದೆ. ಅಡತಿ ಅಂಗಡಿಯ ಲೆಕ್ಕದವರಿಗೂ ಇಷ್ಟು ಸೈರಣೆ ಇರುವುದಿಲ್ಲ. ಆದರೆ ಐದನ್ನು ೫ ಎಂದು ಬರೆದಿರೋ, ಅದು ಅಂಕಿಯೆಂದೇ ಅದಕ್ಕೆ ಹೊಳೆಯುವುದಿಲ್ಲ.

ನನ್ನ ನಿಜವಾದ ತಕರಾರು ಸಂಧಿಯ ಬಗ್ಗೆ. ಪಿಎಚ್‌ಪಿಯಲ್ಲಿ ಎರಡು ಪದ ಕೂಡಿಸಲು ನಡುವೆ ಒಂದು ಚುಕ್ಕಿ ಇಟ್ಟರೆ ಸಾಕು. ಲೋಪವಿಲ್ಲ, ಆಗಮವಿಲ್ಲ, ಆದೇಶವಿಲ್ಲ. ಊರಿನ ಹೆಸರು, ಚುಕ್ಕಿ, ‘ನಲ್ಲಿ’. ಪುಟ ತೆರೆದರೆ ‘ಯಾದಗಿರಿ ನಲ್ಲಿ ಇಂದು’, ‘ಸುರಪುರ ನಲ್ಲಿ ನಾಳೆ’. ಜಾಲತಾಣದ ಕನ್ನಡ ಯಾಕೆ ಹೀಗೆ ಕುಂಟುತ್ತದೆ ಎಂದು ಎಷ್ಟೋ ವರ್ಷದಿಂದ ಯೋಚಿಸುತ್ತಿದ್ದೆ. ಕಾರಣ ಇಷ್ಟು ಚಿಕ್ಕ ಚುಕ್ಕಿ. ಇಂಗ್ಲಿಷಿಗೆ ವಿಭಕ್ತಿಯ ತಂಟೆಯಿಲ್ಲ, ‘ಇನ್’ ಎಂದು ಮುಂದೆ ಇಟ್ಟರೆ ಯಾವ ಊರಿನ ಹೆಸರಿಗೂ ನೋವಾಗುವುದಿಲ್ಲ. ಹುಡುಗನನ್ನು ಕೂರಿಸಿ ಪಾಠ ಹೇಳಿದೆ. ಹೆಸರು ಅಕಾರದಲ್ಲಿ ಮುಗಿದರೆ ‘ದಲ್ಲಿ’: ಶಹಾಪುರದಲ್ಲಿ, ಸುರಪುರದಲ್ಲಿ. ಇಕಾರವಾದರೆ ‘ಯಲ್ಲಿ’: ಯಾದಗಿರಿಯಲ್ಲಿ. ಉಕಾರವಾದರೆ ಉ ಕಳಚಿ ‘ಇನಲ್ಲಿ’: ಅಬ್ಬೆತುಮಕೂರಿನಲ್ಲಿ, ಮುದನೂರಿನಲ್ಲಿ. ಅವನು ಹೇಳಿದಂತೆಲ್ಲ ‘ಹೀಗಿದ್ದರೆ ಹೀಗೆ, ಇಲ್ಲವಾದರೆ ಹೀಗೆ’ ಎಂದು ಇಫ್, ಎಲ್ಸ್ ಬರೆಯುತ್ತ ಹೋದ. ಕೊನೆಗೆ ಅಷ್ಟನ್ನೂ ಒಂದು ಫಂಕ್ಷನ್ನಿನ ಚೀಲದಲ್ಲಿ ತುಂಬಿ ‘ಸಪ್ತಮಿ’ ಎಂದು ಕನ್ನಡದಲ್ಲೇ ಹೆಸರಿಟ್ಟ. ಇನ್ನು ಪುಟದ ಯಾವ ಮೂಲೆಯಿಂದ ಕರೆದರೂ ಊರಿನ ಹೆಸರು ನುಂಗಿ, ಸರಿಯಾದ ರೂಪ ಉಗುಳುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ವರ್ಷವಿಡೀ ಬಾಯಿ ಹರಿದುಕೊಂಡರೂ ಸಪ್ತಮಿ ವಿಭಕ್ತಿ ಇಷ್ಟು ವಿಧೇಯವಾಗಿ ನಡೆದದ್ದಿಲ್ಲ. ಕೊಡೇಕಲ್ ಬಂದಾಗ ಮಾತ್ರ ಅದೂ ನಾನೂ ಒಟ್ಟಿಗೆ ತಡವರಿಸಿದೆವು. ತಂಗಿ ಒಳಗಿನಿಂದಲೇ, ‘ಕೊಡೇಕಲ್ಲಾಗ ಅನ್ರಿ, ಶಹಾಪುರದಾಗ ಅನ್ರಿ, ಎಲ್ಲದಕ್ಕೂ ಆಗ ಹಚ್ಚಿದ್ರ ಆಯ್ತಲ್ಲ’ ಎಂದಳು. ಅವಳ ವ್ಯಾಕರಣದಲ್ಲಿ ಇಫ್ಫೂ ಬೇಡ, ಎಲ್ಸೂ ಬೇಡ.

ಊರುಗಳ ಹಳೆ ಹೆಸರಿನದು ಬೇರೆ ಸಮಸ್ಯೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರು ಬರೆದದ್ದು ಶೋರಾಪುರ, ನಾವನ್ನುವುದು ಸುರಪುರ. ಗುಲಬರ್ಗಾ 2014ರಿಂದ ಕಲಬುರಗಿ. ಇದಕ್ಕೆ ಪಿಎಚ್‌ಪಿಯ ಅರೇ ಹೇಳಿ ಮಾಡಿಸಿದ್ದು. ಬೇರೆ ಭಾಷೆಗಳಲ್ಲಿ ಸಾಲುಪಟ್ಟಿಗೊಂದು ರಚನೆ, ಹೆಸರು ಹಿಡಿದು ಹುಡುಕುವ ಪಟ್ಟಿಗೆ ಇನ್ನೊಂದು ರಚನೆ. ಇಲ್ಲಿ ಎಲ್ಲದಕ್ಕೂ ಒಂದೇ ಅರೇ, ಹಾಕಿದ ಕ್ರಮವನ್ನೂ ಮರೆಯುವುದಿಲ್ಲ. ಶೋರಾಪುರ ಎಂದು ಕೇಳಿದವರಿಗೆ ಸುರಪುರ ತೆಗೆದುಕೊಡುತ್ತದೆ.

ಕಾರ್ಯಗಳ ಹೆಸರುಗಳಂತೂ ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಹಾಗೆ. ಕೆಲವಕ್ಕೆ ನಡುವೆ ಅಡಿಗೆರೆ ಇದೆ, ಕೆಲವಕ್ಕೆ ಇಲ್ಲ. ಆರಂಭದ ದಿನಗಳಲ್ಲಿ ಯಂತ್ರ ಕಾರ್ಯಗಳನ್ನು ಹೆಸರಿನ ಉದ್ದದ ಮೇಲೆ ವಿಂಗಡಿಸಿಡುತ್ತಿತ್ತಂತೆ. ಒಂದೇ ಉದ್ದದವು ಗುಂಪುಗೂಡದಿರಲಿ ಎಂದು ರಾಸ್ಮಸ್ ಬೇರೆ ಬೇರೆ ಉದ್ದದ ಹೆಸರು ಹುಡುಕಿ ಇಟ್ಟನಂತೆ. ಹುಡುಕುವ ಕಾರ್ಯಗಳಲ್ಲಿ ಕೈಪಿಡಿಯೇ ‘ಸೂಜಿ’, ‘ಬಣವೆ’ ಎಂಬ ಪದ ಬಳಸುತ್ತದೆ. ಸ್ಟ್ರ್‌ಪೋಸ್‌ಗೆ ಮೊದಲು ಬಣವೆ ಕೊಡಬೇಕು, ಆಮೇಲೆ ಸೂಜಿ. ಅರೇಯಲ್ಲಿ ಹುಡುಕುವಾಗ ಮೊದಲು ಸೂಜಿ, ಆಮೇಲೆ ಬಣವೆ. ಇಪ್ಪತ್ತು ವರ್ಷ ಇದರಲ್ಲೇ ಪಳಗಿದವರೂ ಪ್ರತಿಸಲ ಕೈಪಿಡಿ ತೆರೆಯುತ್ತಾರಂತೆ.

ಇನ್ನು ಕೆಲವು ಹೆಸರುಗಳು ಮನೆಯಲ್ಲಿ ಬಾಯಿಬಿಟ್ಟು ಹೇಳುವಂಥವಲ್ಲ. ಪದವನ್ನು ತುಂಡು ಮಾಡುವುದು ‘ಎಕ್ಸ್‌ಪ್ಲೋಡ್’, ಕೆಲಸ ನಿಲ್ಲಿಸುವುದು ‘ಡೈ’. ಹಳೆಯ ಕೋಡುಗಳಲ್ಲಿ ದತ್ತಾಂಶದ ಬಾಗಿಲು ತಟ್ಟುವಾಗೆಲ್ಲ ‘ತೆರೆ, ಇಲ್ಲವೇ ಸಾಯಿ’ ಎಂದು ಬರೆಯುವುದೇ ವಾಡಿಕೆ. ಹುಡುಗ ಫೋನಿನಲ್ಲಿ ಗೆಳೆಯನಿಗೆ ‘ಇಲ್ಲೇ ಡೈ ಮಾಡ್ಸು, ಮುಂದ ಹೋಗ್ಲಾರ್ದಂಗ’ ಎಂದದ್ದನ್ನು ಕೇಳಿಸಿಕೊಂಡ ತಂಗಿ ಅಂದು ಸಂಜೆ ಮಠಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ಸಾಲಿನ ಮುಂದೆ @ ಚಿಹ್ನೆ ಇಟ್ಟರೆ ತಪ್ಪಾದರೂ ಯಂತ್ರ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ತಿಳಿದಾಗ ಮಾತ್ರ, ಅದು ಎಲ್ಲಿ ಸಿಗುತ್ತದೆ ಎಂದು ನನ್ನ ಕಡೆ ನೋಡಿ ಕೇಳಿದಳು.

ಬಂದವರನ್ನು ನಂಬುವ ವಿಷಯದಲ್ಲಿ ಈ ಭಾಷೆ ಬಹಳ ಪೆಟ್ಟು ತಿಂದು ಕಲಿತಿದೆ. ಮೊದಮೊದಲು ಹೊರಗಿನವರು ವಿಳಾಸದ ಸಾಲಿನಲ್ಲಿ ಯಾವ ಹೆಸರು, ಯಾವ ಬೆಲೆ ಬರೆದು ಕಳಿಸಿದರೂ ಅದು ಸೀದಾ ಒಳಗಿನ ಚರಾಕ್ಷರವಾಗಿ ಕೂತುಬಿಡುತ್ತಿತ್ತು. ‘ನಾನೇ ಯಜಮಾನ’ ಎಂದು ಬರೆದು ಕಳಿಸಿದವನು ಕೆಲವು ತಾಣಗಳಲ್ಲಿ ನಿಜಕ್ಕೂ ಯಜಮಾನನೇ ಆದ. 2002ರಲ್ಲಿ ಆ ಬಾಗಿಲನ್ನು ಮುಂದೆ ಮಾಡಿದರು. 2012ರಲ್ಲಿ ಕಿತ್ತು ಗೋಡೆ ಕಟ್ಟಿದರು. ಈಗ ಫಾರಂ ತುಂಬಿ ಕಳಿಸಿದ ಪ್ರತಿ ಅಕ್ಷರವನ್ನೂ ಜರಡಿ ಹಿಡಿಯಬೇಕು. ದಾಸೋಹದ ಪಂಕ್ತಿಯಲ್ಲಿ ಯಾರು, ಎತ್ತಣವರು ಎಂದು ಕೇಳದೆ ಎಲೆ ಹಾಕುವ ಸೀಮೆಯಲ್ಲಿ ಬೆಳೆದ ಹುಡುಗ, ಬಂದವರೆಲ್ಲ ಕಳ್ಳರು ಎಂಬ ಭಾವನೆಯಿಂದ ದಿನವಿಡೀ ಕೋಡ್ ಬರೆಯುತ್ತಾನೆ. ಸಂಬಳ ಬರುವುದು ಅದಕ್ಕೇ.

ಬರೆದದ್ದು ಓದುಗರಿಗೆ ಕಾಣುವುದೂ ಇಲ್ಲ. 1995ರಲ್ಲೇ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಹೊಸೆದ ಜಾವಾಸ್ಕ್ರಿಪ್ಟ್ ನಮ್ಮ ಬ್ರೌಸರಿನವರೆಗೆ ಬಂದು ಓಡುವುದರಿಂದ ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು. ಪಿಎಚ್‌ಪಿ ದೂರದ ಸರ್ವರಿನಲ್ಲೇ ಓಡಿ, ಬರೀ ಸಿದ್ಧಪುಟ ಕಳಿಸಿ, ತಾನು ತೆರೆಮರೆಗೆ ಸರಿಯುತ್ತದೆ. ಸುರಪುರ ಸೀಮೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರು ಕಾಲಜ್ಞಾನದ ವಚನಗಳನ್ನು ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಬಲ್ಲವರು ಓದಿ ಹೇಳಬೇಕು, ಉಳಿದವರು ಕೇಳಬೇಕು. ‘ಕೋಡ್ ಬರೆಯೋದು ನಮ್ಮ ತಾಲ್ಲೂಕಿಗೆ ಹೊಸದಲ್ಲಪಾ’ ಎಂದೆ. ಅವನು ನಕ್ಕ. ಅವನ ಕೋಡನ್ನು ಆರು ತಿಂಗಳ ನಂತರ ಅವನಿಗೇ ಓದಲು ಬರುವುದಿಲ್ಲವೆಂದು ಒಪ್ಪಿಕೊಂಡ.

ಒಂದು ರಾತ್ರಿ ಪರದೆಯ ಮೇಲೆ ‘ಪಾಮಾಯಿಮ್ ನೆಕುದೋತಾಯಿಮ್’ ಬೇಕಿತ್ತು, ಸಿಗಲಿಲ್ಲ ಎಂಬ ದೂರು ಬಂತು. ಹೀಬ್ರೂವಿನಲ್ಲಿ ಜೋಡಿ ವಿವರಣಚಿಹ್ನೆಗೆ, ಅಂದರೆ :: ಎಂಬುದಕ್ಕೆ, ಹಾಗೆನ್ನುತ್ತಾರಂತೆ, ಆ ಇಸ್ರೇಲಿ ಹುಡುಗರು ಇಟ್ಟುಹೋದದ್ದು. ಜಗತ್ತಿನ ಪ್ರೋಗ್ರಾಮರುಗಳು ಇದನ್ನು ಕಂಡು ತಲೆ ಚಚ್ಚಿಕೊಂಡಿದ್ದಾರೆ. ನನಗೇನೂ ಅನ್ನಿಸಲಿಲ್ಲ. ಟ್ರಂಕಿನಲ್ಲಿ ಅಜ್ಜನ ಹೊಲದ ಕಾಗದ ಉರ್ದುವಿನಲ್ಲಿದೆ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ, ಆದರೂ ಹೊಲ ನಮ್ಮದೇ.

ಈಚೆಗೆ ಹುಡುಗ ಪೈಥಾನ್ ಕಲಿಯುತ್ತಿದ್ದಾನೆ. ಸಂಬಳ ಹೆಚ್ಚಂತೆ, ಡಾಲರಿನ ಚಿಹ್ನೆ ಬೇಡವಂತೆ, ಸೆಮಿಕೋಲನ್ನೂ ಬೇಡವಂತೆ. ‘ರೀ ಇಲ್ಲದ ಭಾಷಾದಾಗ ಮರ್ಯಾದಿ ಹ್ಯಾಂಗ ಗೊತ್ತಾಗ್ತದೋ?’ ಎಂದೆ.

‘ಅಲ್ಲಿ ಸಾಲು ಎಷ್ಟು ಒಳಗ ಸರಕೊಂಡು ಕುಂತಿರ್ತದೋ ಅದರ ಮ್ಯಾಲ ಮಾಮಾ. ಒಂದು ಕೂದಲೆಳೆ ಆಕಡೆ ಈಕಡೆ ಆದ್ರೂ ಎಲ್ಲಾ ಬಂದ್.’

‘ಬ್ಯಾಡಪ್ಪಾ ಬ್ಯಾಡ’ ಎಂದೆ. ‘ಕೂಡೋ ಜಾಗದ ಸಲುವಾಗಿ ನಮ್ಮ ಕಡೆ ಎಷ್ಟು ಲಗ್ನ ಮುರಿದಾವ, ಗೊತ್ತದ ಏನು ನಿನಗ?’